ಹೊಗೆಯೂ ಬೆಂಕಿಯೂ: ಮಿಸ್ ಮಾರ್ಪಲ್ ಎಂಬ ಗ್ರಾಮವೃದ್ಧೆಯ ಸತ್ಯಶೋಧನೆ

ಬೆಟ್ಟದ ಮೇಲೆ ಹೊಗೆ ಕಂಡರೆ ಅಲ್ಲಿ ಬೆಂಕಿಯಿದೆಯೆಂದು ತಿಳಿಯುವುದು ತರ್ಕಶಾಸ್ತ್ರದ ಬಾಲಪಾಠ. ಅಡುಗೆಮನೆಯಲ್ಲಿ ಹೊಗೆಬೆಂಕಿಗಳ ನಿತ್ಯಸಾಹಚರ್ಯವನ್ನು ಕಂಡವನು ದೂರದ ಬೆಟ್ಟದಲ್ಲಿಯೂ ಅದನ್ನೇ ಊಹಿಸುತ್ತಾನೆ. ಆದರೆ ಶಾಸ್ತ್ರಕಾರರು ಅಷ್ಟಕ್ಕೇ ನಿಲ್ಲಲಿಲ್ಲ. ಕಂಡದ್ದು ಹೊಗೆಯೇ ಹೌದೋ, ಅಥವಾ ಬೆಳಗಿನ ಮಂಜೋ, ದನಗಳ ಕಾಲ್ದೂಳೋ ಎಂಬುದನ್ನು ಮೊದಲು ನಿಶ್ಚಯಿಸಬೇಕೆಂದೂ, ಮಂಜನ್ನು ಹೊಗೆಯೆಂದು ಭ್ರಮಿಸಿ ಮಾಡಿದ ಅನುಮಾನವು ಹೇತ್ವಾಭಾಸವೆಂದೂ ಎಚ್ಚರಿಸಿದರು. ಶಾಲೆಯಲ್ಲಿ ಒಪ್ಪಿಕೊಂಡ ಈ ಎಚ್ಚರವು ಬೀದಿಯಲ್ಲಿ ಮಾತ್ರ ಯಾರಿಗೂ ನೆನಪಿರುವುದಿಲ್ಲ. ಬೆಂಕಿಯಿಲ್ಲದೆ ಹೊಗೆಯಾಡೀತೇ ಎಂಬ ಗಾದೆ ನಮ್ಮಲ್ಲಿರುವಂತೆ ಇಂಗ್ಲಿಷರಲ್ಲಿಯೂ ಇದೆ. ಒಬ್ಬನ ಮೇಲೆ ಅಪವಾದ ಹುಟ್ಟಿದಾಗ ಊರವರು ಅದನ್ನೇ ಪ್ರಮಾಣವೆಂದು ಭಾವಿಸಿ, ಮತ್ತೊಂದು ಸಾಕ್ಷಿಯನ್ನು ಕೇಳದೆ, ಅವನನ್ನು ಅಪರಾಧಿಯೆಂದು ತೀರ್ಮಾನಿಸಿಬಿಡುತ್ತಾರೆ. ಈ ಗಾದೆಯನ್ನು ಮತ್ತೆ ಮತ್ತೆ ಪರೀಕ್ಷೆಗೆ ಒಡ್ಡಿದ ಒಬ್ಬ ಇಂಗ್ಲಿಷ್ ಲೇಖಕಿಯಿದ್ದಾರೆ. ಅವರು ಆ ಪರೀಕ್ಷೆಯ ಹೊಣೆಯನ್ನು ಒಪ್ಪಿಸಿದ್ದು ಯಾವ ಪೊಲೀಸ್ ಅಧಿಕಾರಿಗೂ ಅಲ್ಲ, ನ್ಯಾಯಾಧೀಶನಿಗೂ ಅಲ್ಲ. ಹೆಣಿಗೆಯ ಕಡ್ಡಿಗಳನ್ನು ಹಿಡಿದು ಕುಳಿತ, ಮದುವೆಯಾಗದ ಒಬ್ಬ ಹಳ್ಳಿಯ ಮುದುಕಿಗೆ.

ಆ ಲೇಖಕಿ ಅಗಾಥಾ ಕ್ರಿಸ್ಟಿ; ಆ ಮುದುಕಿ ಮಿಸ್ ಜೇನ್ ಮಾರ್ಪಲ್. ಕ್ರಿಸ್ಟಿಯವರು 1890ರ ಸೆಪ್ಟೆಂಬರ್ 15ರಂದು ಇಂಗ್ಲೆಂಡಿನ ಡೆವನ್ ಪ್ರಾಂತದ ಟಾರ್ಕೀ ಎಂಬ ಕಡಲತೀರದ ಪಟ್ಟಣದಲ್ಲಿ ಜನಿಸಿ 1976ರ ಜನವರಿ 12ರಂದು ತೀರಿಕೊಂಡರು. ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಅವರು ತಮ್ಮೂರಿನ ಆಸ್ಪತ್ರೆಯಲ್ಲಿ ಶುಶ್ರೂಷೆಗೆ ಸೇರಿ, ಅನಂತರ ಔಷಧಗಳನ್ನು ಬೆರೆಸಿಕೊಡುವ ವಿಭಾಗದಲ್ಲಿ ಕೆಲಸ ಮಾಡಿ, ಅದಕ್ಕೆ ಬೇಕಾದ ಪರೀಕ್ಷೆಯಲ್ಲಿಯೂ ತೇರ್ಗಡೆಯಾಗಿದ್ದರು. ಯಾವ ಮದ್ದು ಎಷ್ಟು ತೂಕದವರೆಗೆ ಅಮೃತ, ಎಷ್ಟಾದರೆ ವಿಷ ಎಂಬ ಅರಿವು ಅವರಿಗೆ ಪುಸ್ತಕದಿಂದಲ್ಲ, ತಕ್ಕಡಿಯಿಂದ ಬಂದದ್ದು. ಅವರ ಕಥೆಗಳಲ್ಲಿ ವಿಷಪ್ರಯೋಗವು ಅಷ್ಟೊಂದು ಬಾರಿ ಬರುವುದಕ್ಕೂ, ಬಂದಾಗ ತಪ್ಪಿಲ್ಲದಂತೆ ಬರುವುದಕ್ಕೂ ಇದೇ ಕಾರಣ.

ಮಾರ್ಪಲ್ ಪಾತ್ರದ ಬೀಜವು 1926ರ ‘ದಿ ಮರ್ಡರ್ ಆಫ್ ರೋಜರ್ ಅಕ್ರಾಯ್ಡ್’ ಕಾದಂಬರಿಯಲ್ಲಿಯೇ ಇದೆ. ಅಲ್ಲಿ ವೈದ್ಯನ ಅಕ್ಕ ಕ್ಯಾರೊಲೀನ್ ಎಂಬವಳು ಮನೆ ಬಿಟ್ಟು ಕದಲದೆಯೇ ಊರಿನ ಸಮಸ್ತ ವಾರ್ತೆಯನ್ನೂ ಸಂಗ್ರಹಿಸುತ್ತಾಳೆ. ಈ ಪಾತ್ರವನ್ನು ಬರೆಯುವಾಗ ಉಂಟಾದ ಸಂತೋಷದಿಂದಲೇ ಮಾರ್ಪಲ್ ಹುಟ್ಟಿರಬಹುದೆಂದು ಕ್ರಿಸ್ಟಿಯವರು ತಮ್ಮ ಆತ್ಮಕಥೆಯಲ್ಲಿ ಹೇಳಿಕೊಂಡಿದ್ದಾರೆ. ಅವರ ಅಜ್ಜಿಯ ಸ್ವಭಾವವೂ ಇದರಲ್ಲಿ ಬೆರೆತಿದೆ. ಆ ಅಜ್ಜಿ ಎಲ್ಲರ ವಿಷಯದಲ್ಲಿಯೂ ಕೆಡುಕನ್ನೇ ನಿರೀಕ್ಷಿಸುವವಳು. ಆಕೆಯ ನಿರೀಕ್ಷೆ ಬಹುಮಟ್ಟಿಗೆ ನಿಜವೂ ಆಗುತ್ತಿದ್ದಿತಂತೆ! 1927ರ ಡಿಸೆಂಬರಿನಲ್ಲಿ ಒಂದು ಮಾಸಪತ್ರಿಕೆಯಲ್ಲಿ ಪ್ರಕಟವಾದ ಸಣ್ಣಕಥೆಯೊಂದರಲ್ಲಿ ಮಾರ್ಪಲ್ ಮೊದಲ ಬಾರಿಗೆ ಕಾಣಿಸಿಕೊಂಡಳು. ಅಲ್ಲಿಂದ 1976ರಲ್ಲಿ ಲೇಖಕಿಯ ಮರಣಾನಂತರ ಹೊರಬಂದ ‘ಸ್ಲೀಪಿಂಗ್ ಮರ್ಡರ್’ವರೆಗೆ 12 ಕಾದಂಬರಿಗಳಲ್ಲಿಯೂ 20 ಸಣ್ಣಕಥೆಗಳಲ್ಲಿಯೂ ಆಕೆಯ ಸಂಚಾರ. ಹುಟ್ಟುವಾಗಲೇ ಆಕೆಗೆ ಅರುವತ್ತೈದರ ಮೇಲಿನ ಪ್ರಾಯ. ಅರ್ಧ ಶತಮಾನ ಬದುಕಿಸಬೇಕಾದೀತೆಂದು ತಿಳಿದಿದ್ದರೆ ಕ್ರಿಸ್ಟಿಯವರು ಆಕೆಯನ್ನು ಇಷ್ಟು ವೃದ್ಧೆಯನ್ನಾಗಿ ಸೃಷ್ಟಿಸುತ್ತಿರಲಿಲ್ಲ.

ಮಾರ್ಪಲ್ ವಾಸಿಸುವ ಸೇಂಟ್ ಮೇರಿ ಮೀಡ್ ಎಂಬ ಗ್ರಾಮವು ಕಲ್ಪಿತವಾದುದು. ಆದರೆ ಅದರ ಅಂಗಾಂಗಗಳೆಲ್ಲ ನಿಜವಾದ ಇಂಗ್ಲಿಷ್ ಗ್ರಾಮದವು. ನಡುವೆ ಚರ್ಚು, ಅದರ ಪಕ್ಕದಲ್ಲಿ ವಿಕರೇಜ್ ಎನಿಸಿಕೊಳ್ಳುವ ಪಾದ್ರಿಯ ವಾಸಗೃಹ, ಊರಾಚೆ ಭೂಮಾಲಿಕನ ಬಂಗಲೆ, ಒಬ್ಬ ವೈದ್ಯ, ಒಬ್ಬ ವಕೀಲ, ಸೈನ್ಯದಿಂದ ನಿವೃತ್ತನಾದ ಒಬ್ಬ ಕರ್ನಲ್, ಅಂಚೆಕಚೇರಿ, ಮಾಂಸದಂಗಡಿ, ಮೀನಿನಂಗಡಿ. ಇವರೆಲ್ಲರ ನಡುವೆ ಅಲ್ಪ ಆದಾಯದಿಂದ ಮರ್ಯಾದೆಯಾಗಿ ದಿನ ಕಳೆಯುವ ಅವಿವಾಹಿತ ಸ್ತ್ರೀಯರು. ಮಾರ್ಪಲ್ ಹಿಂದಿನ ತಲೆಮಾರಿನವಳಾದರೂ, ಆಕೆಯ ಕಥೆಗಳನ್ನು ಮೊದಲು ಓದಿದ ವಾಚಕರಿಗೆ ಇಂಥ ಸ್ತ್ರೀಯರು ಚಿರಪರಿಚಿತರು. ಮಹಾಯುದ್ಧದ ತರುವಾಯ ನಡೆದ 1921ರ ಜನಗಣತಿಯಲ್ಲಿ ಇಂಗ್ಲೆಂಡು ಮತ್ತು ವೇಲ್ಸ್‌ಗಳಲ್ಲಿ ಪುರುಷರಿಗಿಂತ ಸ್ತ್ರೀಯರ ಸಂಖ್ಯೆ ಸುಮಾರು 17 ಲಕ್ಷದಷ್ಟು ಹೆಚ್ಚಾಗಿತ್ತು. ಸಮಾಜವು ಇವರನ್ನು ಕಂಡು ನಗುತ್ತಿತ್ತು. ಊರಿಗೆ ಬೇಡವಾದ ಮಿಗತೆಯೆಂದು ಎಣಿಸುತ್ತಿತ್ತು. ಕ್ರಿಸ್ಟಿಯವರು ಸತ್ಯವನ್ನು ಇರಿಸಿದ್ದು ಈ ಮಿಗತೆಯ ಕೈಯಲ್ಲಿ.

ಷರ್ಲಾಕ್ ಹೋಮ್ಸನ ಒಂದು ಕಥೆಯಲ್ಲಿ ಲಂಡನ್ನಿನ ಕೊಳಕು ಗಲ್ಲಿಗಳಿಗಿಂತಲೂ ನಗುನಗುವ ಹಳ್ಳಿಗಾಡಿನಲ್ಲಿಯೇ ಹೆಚ್ಚಿನ ಪಾಪ ನಡೆಯುತ್ತದೆಂಬ ಮಾತು ಬರುತ್ತದೆ. ಒಂಟಿಮನೆಗಳಲ್ಲಿ ಏನು ನಡೆದರೂ ನೆರೆಯವರ ಕಿವಿಗೆ ಬೀಳದೆಂಬುದು ಅಲ್ಲಿನ ಕಾರಣ. ಕ್ರಿಸ್ಟಿಯವರ ಹಳ್ಳಿ ಇದಕ್ಕೆ ವಿರುದ್ಧವಾದುದು. ಇಲ್ಲಿ ಎಲ್ಲವೂ ಎಲ್ಲರ ಕಿವಿಗೂ ಬೀಳುತ್ತದೆ. ಬಿದ್ದದ್ದರ ಅರ್ಥ ಮಾತ್ರ ಯಾರಿಗೂ ಆಗುವುದಿಲ್ಲ.

ಆ ಮೊದಲನೆಯ ಕಥೆಯನ್ನೇ ನೋಡಬಹುದು. ‘ದಿ ಟ್ಯೂಸ್‌ಡೇ ನೈಟ್ ಕ್ಲಬ್’ ಎಂಬುದು ಅದರ ಹೆಸರು. ಮಾರ್ಪಲ್‌ಳ ಮನೆಯಲ್ಲಿ ಸಂಜೆಯ ಹೊತ್ತು ಆರು ಜನ ಸೇರಿದ್ದಾರೆ: ಲೇಖಕನಾದ ಅಣ್ಣನ ಮಗನಂಥ ಬಂಧು ರೇಮಂಡ್ ವೆಸ್ಟ್, ಒಬ್ಬ ಚಿತ್ರಕಾರ್ತಿ, ಒಬ್ಬ ಪಾದ್ರಿ, ಒಬ್ಬ ವಕೀಲ, ಪೊಲೀಸ್ ಇಲಾಖೆಯ ಶಿಖರದಲ್ಲಿದ್ದು ನಿವೃತ್ತರಾದ ಸರ್ ಹೆನ್ರಿ ಕ್ಲಿದರಿಂಗ್. ಆರನೆಯವಳಾದ ಮುದುಕಿಯನ್ನು ಲೆಕ್ಕಕ್ಕೆ ಹಿಡಿಯಲು ಮೊದಲು ಅವರಿಗೆ ನೆನಪೇ ಆಗಲಿಲ್ಲ. ಸರ್ ಹೆನ್ರಿ ಒಂದು ಪ್ರಸಂಗವನ್ನು ಹೇಳುತ್ತಾರೆ. ಜೋನ್ಸ್ ಎಂಬವನ ಮನೆಯಲ್ಲಿ ರಾತ್ರಿ ಡಬ್ಬಿಯ ಸೀಗಡಿಜಾತಿಯ ಮೀನು ಮತ್ತು ಟ್ರೈಫಲ್ ಎಂಬ ಸಿಹಿಯನ್ನು ಉಂಡು ಮೂವರಿಗೆ ಹೊಟ್ಟೆ ಕೆಟ್ಟಿತು. ಗಂಡನೂ ಜೊತೆಗಾತಿಯೂ ಉಳಿದರು, ಹೆಂಡತಿ ಸತ್ತಳು. ಡಬ್ಬಿಯ ಆಹಾರ ಕೆಟ್ಟಿದ್ದಿತೆಂದು ವೈದ್ಯರು ಬರೆದುಕೊಟ್ಟರು. ಆಮೇಲೆ ಮಾತು ಹೊಗೆಯಾಡತೊಡಗಿತು. ಜೋನ್ಸನು ಇಳಿದುಕೊಂಡಿದ್ದ ಹೋಟೆಲಿನ ಕೆಲಸದವಳೊಬ್ಬಳು ಅವನ ಬ್ಲಾಟಿಂಗ್ ಕಾಗದದಲ್ಲಿ ಅಚ್ಚೊತ್ತಿದ್ದ ಕೆಲವು ಶಬ್ದಗಳನ್ನು ಓದಿದ್ದಳು: ತಾನು ಹೆಂಡತಿಯ ಹಣವನ್ನೇ ನಂಬಿದ್ದೇನೆ, ಅವಳು ಸತ್ತ ಮೇಲೆ ಹೀಗೆ ಹೀಗೆ, ಕಡೆಗೆ ‘ಹಂಡ್ರೆಡ್ಸ್ ಅಂಡ್ ಥೌಸಂಡ್ಸ್’, ಎಂದರೆ ನೂರಾರು ಸಾವಿರಾರು. ಹೂಳಿದ ಶವವನ್ನು ತೆಗೆಸಿ ಪರೀಕ್ಷಿಸಿದಾಗ ಪಾಷಾಣವಿತ್ತು. ಆದರೆ ಮೂವರೂ ಉಂಡ ಊಟದಲ್ಲಿ ಒಬ್ಬಳಿಗೆ ಮಾತ್ರ ಮಾರಕವಾಗುವಂತೆ ವಿಷವನ್ನು ಹೇಗೆ ಬೆರೆಸಿದರೆಂಬುದು ತಿಳಿಯಲಿಲ್ಲ. ಜೋನ್ಸನು ತನ್ನ ಪತ್ರಕ್ಕೆ ಸುಲಭವಾದ ಸಮಾಧಾನವನ್ನೂ ಕೊಟ್ಟನು: ಹಣ ಕೇಳಿದ ಸೋದರನಿಗೆ, ತನ್ನಂತೆ ಕೈ ಬರಿದಾದವರು ನೂರಾರು ಸಾವಿರಾರು ಮಂದಿಯಿದ್ದಾರೆಂದು ಬರೆದದ್ದು!

ಕುಳಿತವರೆಲ್ಲ ತಮ್ಮ ತಮ್ಮ ವೃತ್ತಿಗೆ ತಕ್ಕ ಊಹೆಗಳನ್ನು ಹೇಳುತ್ತಾರೆ. ಮಾರ್ಪಲ್‌ಳಿಗೆ ಮಾತ್ರ ತನ್ನೂರಿನ ಹಾರ್ಗ್ರೇವ್ಸ್ ಎಂಬವನ ನೆನಪಾಗುತ್ತದೆ. ಅವನು ಸತ್ತ ಮೇಲೆ ತಿಳಿದದ್ದೇನೆಂದರೆ, ಆಸ್ತಿಯೆಲ್ಲವನ್ನೂ ಆತನು ತಾನು ಗುಟ್ಟಾಗಿ ಸಂಸಾರ ನಡೆಸಿದ್ದ ಇನ್ನೊಬ್ಬಳಿಗೆ ಬರೆದಿಟ್ಟಿದ್ದನು. ಅವಳು ಹಿಂದೆ ಅವರ ಮನೆಯಲ್ಲಿಯೇ ಕೆಲಸಕ್ಕಿದ್ದ ಹುಡುಗಿ. ಹಾಗಾದರೆ ಜೋನ್ಸನ ಮನೆಯಲ್ಲಿ ಟ್ರೈಫಲ್ ಮಾಡಿದ ಕೆಲಸದ ಹುಡುಗಿ ಯಾರು? ಆ ಸಿಹಿಯ ಮೇಲೆ ಉದುರಿಸುವ ಬಣ್ಣಬಣ್ಣದ ಸಣ್ಣ ಸಕ್ಕರೆಕಾಳುಗಳಿಗೆ ಇಂಗ್ಲಿಷ್ ಅಡುಗೆಮನೆಯಲ್ಲಿ ಏನು ಹೆಸರು? ಅದೇ ‘ಹಂಡ್ರೆಡ್ಸ್ ಅಂಡ್ ಥೌಸಂಡ್ಸ್’! ಪತ್ರವು ಬರೆದದ್ದು ಆ ಹುಡುಗಿಗೆ. ಪಾಷಾಣವಿದ್ದುದು ಆ ಕಾಳುಗಳಲ್ಲಿ. ಜೊತೆಗಾತಿಯು ಮೈಯಿಳಿಸುವ ಪಥ್ಯದಲ್ಲಿದ್ದುದರಿಂದ ಸಿಹಿಯನ್ನು ಮುಟ್ಟಲಿಲ್ಲ. ಗಂಡನು ಮೇಲಿನ ಕಾಳುಗಳನ್ನು ಕೆರೆದು ಬದಿಗೊತ್ತಿ ಉಂಡನು. ದೇಶದ ಪೊಲೀಸರಿಗೆ ಹೊಳೆಯದಿದ್ದುದು ಅಡುಗೆಮನೆಯ ನಿಘಂಟನ್ನು ಬಲ್ಲವಳಿಗೆ ಹೊಳೆಯಿತು. ಅಲಂಕಾರಶಾಸ್ತ್ರವನ್ನು ಓದಿದವರು ಇದನ್ನು ಅಭಂಗಶ್ಲೇಷವೆಂದು ಒಡನೆಯೇ ಗುರುತಿಸುತ್ತಾರೆ: ಪದವನ್ನು ಒಡೆಯದೆಯೇ ಎರಡರ್ಥ. ಕಾವ್ಯದಲ್ಲಿ ಶ್ಲೇಷವು ರಂಜನೆಗೆ. ಇಲ್ಲಿ ಅದರ ಹಿಂದೆ ಒಂದು ಜೀವವಿದೆ.

ಈ ಬಗೆಯ 13 ಕಥೆಗಳು 1932ರಲ್ಲಿ ‘ದಿ ಥರ್ಟೀನ್ ಪ್ರಾಬ್ಲಮ್ಸ್’ ಎಂಬ ಸಂಕಲನವಾಗಿ ಬಂದವು. ಅದರಲ್ಲಿ ‘ದಿ ಥಂಬ್ ಮಾರ್ಕ್ ಆಫ್ ಸೇಂಟ್ ಪೀಟರ್’ ಎಂಬುದು ಗಾಳಿಮಾತಿನ ವಿಷಯಕ್ಕೆ ಎಲ್ಲಕ್ಕಿಂತ ಹತ್ತಿರವಾದುದು. ಮಾರ್ಪಲ್‌ಳ ಬಂಧುವಾದ ಮೇಬಲ್ ಎಂಬವಳ ಗಂಡನು ಇದ್ದಕ್ಕಿದ್ದಂತೆ ತೀರಿಕೊಂಡನು. ಗಂಡಹೆಂಡಿರಲ್ಲಿ ಜಗಳವಿದ್ದುದು ಊರಿಗೇ ಗೊತ್ತು. ಮೇಲೆ, ಆಕೆ ಔಷಧದಂಗಡಿಯಿಂದ ಪಾಷಾಣ ಕೊಂಡಿದ್ದುದೂ ಬಯಲಾಯಿತು. ಇಂಗ್ಲೆಂಡಿನಲ್ಲಿ 1851ರ ಕಾನೂನಿನಿಂದ ಪಾಷಾಣ ಮಾರುವವನು ಕೊಂಡವರ ಹೆಸರನ್ನು ಪುಸ್ತಕದಲ್ಲಿ ಬರೆಸಿ ರುಜು ಹಾಕಿಸಿಕೊಳ್ಳಬೇಕಾಗಿತ್ತು. ಗುಟ್ಟಾಗಿ ಕೊಳ್ಳುವುದು ಸುಲಭವಾಗಿರಲಿಲ್ಲ. ಹೊಗೆಗೆ ಇಷ್ಟು ಸಾಲದೇ? ಬೀದಿಯಲ್ಲಿ ಎದುರಾದವರು ಮೇಬಲ್‌ಳನ್ನು ಕಂಡೂ ಕಾಣದವರಂತೆ ಮುಖ ತಿರುಗಿಸಿದರು. ತನ್ನ ಪ್ರಾಣವನ್ನೇ ತೆಗೆದುಕೊಳ್ಳಬೇಕೆಂದು ಕೊಂಡದ್ದೆಂದು ಆಕೆ ಮಾರ್ಪಲ್‌ಳಿಗೆ ಹೇಳುತ್ತಾಳೆ, ಊರು ನಂಬುವುದುಂಟೆ? ಶವಪರೀಕ್ಷೆಯಲ್ಲಿ ಪಾಷಾಣ ಕಾಣಲಿಲ್ಲ. ಆದರೆ ಸಾವಿನ ಕಾರಣವೂ ಕಾಣಲಿಲ್ಲ. ನಿರಪರಾಧಿಯೆಂದು ಹೇಳುವುದಕ್ಕೆ ಅದು ಸಾಲದು; ಅಪರಾಧಿಯೆಂದು ಪಿಸುಗುಟ್ಟುವುದಕ್ಕೆ ಧಾರಾಳವಾಗಿ ಸಾಕು.

ಮಾರ್ಪಲ್ ಆ ಮನೆಗೆ ಹೋಗಿ ಮಾಡಿದ ಕೆಲಸವಿಷ್ಟೆ: ಅಡುಗೆಯವಳನ್ನೂ ಮನೆಗೆಲಸದವಳನ್ನೂ ಕೂರಿಸಿಕೊಂಡು, ಅವರು ಕಂಡದ್ದನ್ನೂ ಕೇಳಿದ್ದನ್ನೂ ತಾಳ್ಮೆಯಿಂದ ಆಲಿಸಿದಳು. ಸಾಯುವ ಮುನ್ನ ಯಜಮಾನನು ಮೀನಿನ ವಿಷಯ ಏನೋ ಬಡಬಡಿಸುತ್ತಿದ್ದನೆಂದು ಅವರು ಹೇಳಿದರು. ಮೀನಿನ ರಾಶಿಯೋ ಗುಡ್ಡೆಯೋ ಎಂಬಂತೆ. ಅದು ಸನ್ನಿಯ ಪ್ರಲಾಪವೆಂದು ಎಲ್ಲರೂ ಕೈಬಿಟ್ಟಿದ್ದರು. ದಾರಿ ತೋಚದೆ ಬೀದಿಯಲ್ಲಿಯೇ ಕಣ್ಣುಮುಚ್ಚಿ ಪ್ರಾರ್ಥಿಸಿದ ಮುದುಕಿ ಕಣ್ತೆರೆದಾಗ ಎದುರಿಗಿದ್ದುದು ಮೀನಿನಂಗಡಿ. ಅಲ್ಲಿದ್ದ ಹ್ಯಾಡಕ್ ಮೀನಿನ ಮೈಮೇಲೆ, ಸಂತ ಪೀಟರನ ಹೆಬ್ಬೆರಳ ಗುರುತೆಂದು ಇಂಗ್ಲಿಷ್ ಜನಪದವು ಹೇಳುವ ಕಪ್ಪು ಮಚ್ಚೆ. ಅಲ್ಲಿಂದ ಆಕೆ ವೈದ್ಯರ ಪುಸ್ತಕಗಳತ್ತ ತಿರುಗಿದಳು. ‘ಪೈಲ್’ ಎಂದರೆ ರಾಶಿ. ‘ಕಾರ್ಪ್’ ಎಂದರೆ ಗೆಂಡೆಮೀನು. ಆಳುಗಳ ಕಿವಿಗೆ ಮೀನಿನ ರಾಶಿಯಾಗಿ ಬಿದ್ದದ್ದು ಪೈಲೊಕಾರ್ಪಿನ್ ಎಂಬ ಮದ್ದಿನ ಹೆಸರು! ಕಣ್ಣಿನ ಪಾಪೆಯನ್ನು ಹಿಗ್ಗಿಸುವ ಅಟ್ರೊಪಿನ್ ಎಂಬ ವಿಷಕ್ಕೆ ಪಾಪೆಯನ್ನು ಕುಗ್ಗಿಸುವ ಈ ಮದ್ದು ಪ್ರತಿವಿಷವೆಂದು ಆಗ ಬಳಕೆಯಲ್ಲಿತ್ತು. ಸಾಯುತ್ತಿದ್ದವನು ತನ್ನನ್ನು ಉಳಿಸಬಹುದಾದ ಮದ್ದನ್ನು ಬೇಡುತ್ತಿದ್ದನು. ಸುತ್ತಲಿದ್ದವರಿಗೆ ಅದು ಮೀನಿನ ಮಾತಾಗಿ ಕೇಳಿಸಿತು. ಹಾಗಾದರೆ ಅಟ್ರೊಪಿನ್ ಆ ಮನೆಯಲ್ಲಿ ಯಾರ ಬಳಿಯಿತ್ತು? ಬುದ್ಧಿಭ್ರಮಣೆಗೊಳಗಾಗಿದ್ದ ಮಾವನ ಕಣ್ಣಿನ ಹನಿಮದ್ದಿನಲ್ಲಿತ್ತು. ಮೇಬಲ್‌ಳ ಮೇಲಿನ ಕಳಂಕವು ಅಲ್ಲಿಗೆ ತೊಳೆದುಹೋಯಿತು.

ಪದವನ್ನು ಒಡೆದಾಗ ಬೇರೆ ಅರ್ಥ ಹೊಮ್ಮುವ ಇದು ಸಭಂಗಶ್ಲೇಷ. ಆದರೆ ಇಲ್ಲಿ ಗಮನಿಸತಕ್ಕದ್ದು ಚಮತ್ಕಾರವಷ್ಟೇ ಅಲ್ಲ. ಮೇಬಲ್‌ಳನ್ನು ಸುಟ್ಟದ್ದು ಊರಿನ ಮಾತು. ಬದುಕಿಸಿದ್ದೂ ಮಾತೇ, ಅದೂ ಯಾರೂ ಕಿವಿಗೊಡದ ಇಬ್ಬರು ಕೆಲಸದ ಹೆಂಗಸರ ಮಾತು. ಒಂದೇ ಗಾಳಿಮಾತು ಅರೆಗಿವಿಯಲ್ಲಿ ವಿಷವಾಗುತ್ತದೆ, ಇಡಿಗಿವಿಯಲ್ಲಿ ಮದ್ದಾಗುತ್ತದೆ. ಔಷಧಶಾಲೆಯಲ್ಲಿ ದುಡಿದ ಲೇಖಕಿಗೆ ಈ ಭೇದವು ಚೆನ್ನಾಗಿ ತಿಳಿದಿತ್ತು.

ಮಾರ್ಪಲ್‌ಳ ವಿಧಾನವೇನೆಂಬುದನ್ನು ಈಗ ವಿಚಾರಿಸಬಹುದು. ಹೋಮ್ಸನಂತೆ ಆಕೆ ಬೂದಿಯನ್ನೂ ಹೆಜ್ಜೆಗುರುತನ್ನೂ ಅಳೆಯುವವಳಲ್ಲ. ಹೊಸಬನೊಬ್ಬನನ್ನು ಕಂಡೊಡನೆ ಆಕೆಗೆ ಹಳಬನೊಬ್ಬನ ನೆನಪಾಗುತ್ತದೆ. ಸದೃಶವಾದುದರಿಂದ ತಿಳಿಯುವ ಈ ಕ್ರಮವನ್ನು ಉಪಮಾನಪ್ರಮಾಣವೆಂದು ಕರೆಯುವ ಆಸೆಯಾಗುತ್ತದೆ. ಹಸುವಿನಂತಿರುವುದು ಗವಯ ಎಂದು ಕೇಳಿದವನು ಕಾಡಿನಲ್ಲಿ ಗವಯವನ್ನು ಗುರುತಿಸುವಂತೆ. ಆದರೆ ನ್ಯಾಯಶಾಸ್ತ್ರದ ಉಪಮಾನಕ್ಕೆ ಹೆಸರು ಮತ್ತು ವಸ್ತುವಿನ ಸಂಬಂಧಜ್ಞಾನವೇ ಫಲ. ಆದ್ದರಿಂದ ಮಾರ್ಪಲ್‌ಳದು ದೃಷ್ಟಾಂತಬಲದ ಅನುಮಾನವೆಂಬುದೇ ಸರಿ. ಆಕೆಯ ಅಡುಗೆಮನೆ, ಎಂದರೆ ಹೊಗೆಬೆಂಕಿಗಳನ್ನು ಒಟ್ಟಿಗೆ ಕಂಡ ಜಾಗ, ಸೇಂಟ್ ಮೇರಿ ಮೀಡ್. ಬೆಟ್ಟವು ಎಲ್ಲಿಯಾದರೂ ಇರಬಹುದು. 1942ರ ‘ದಿ ಬಾಡಿ ಇನ್ ದಿ ಲೈಬ್ರರಿ’ಯಲ್ಲಿ ಬಂಗಲೆಯ ಪುಸ್ತಕದ ಕೋಣೆಯಲ್ಲಿ ಅಪರಿಚಿತ ತರುಣಿಯ ಶವ ಸಿಕ್ಕಾಗ ಆಕೆಗೆ ನೆನಪಾಗುವುದು ಟಾಮಿ ಬಾಂಡ್ ಎಂಬ ಹುಡುಗ. ಹೊಸ ಉಪಾಧ್ಯಾಯಿನಿಯು ಗಡಿಯಾರಕ್ಕೆ ಕೀಲಿ ಕೊಡಲು ಹೋದಾಗ ಒಳಗಿಂದ ಕಪ್ಪೆ ಹಾರುವಂತೆ ಮಾಡಿದವನು ಅವನು. ಕೊಲೆಗೂ ಕಪ್ಪೆಗೂ ಏನು ಸಂಬಂಧವೆಂದು ಕೇಳಿದವರು ನಗುತ್ತಾರೆ. ಇರಬಾರದ ವಸ್ತುವನ್ನು ಇರಬಾರದ ಸ್ಥಳದಲ್ಲಿ ತಂದಿರಿಸಿದವನ ಮನಸ್ಸು ಎಂಥದೆಂಬುದು ಆಕೆಯ ಪ್ರಶ್ನೆ. ಪಾಠಶಾಲೆಯಲ್ಲಿ ತುಂಟ ಹುಡುಗರನ್ನು ಕಂಡುಬಲ್ಲ ಉಪಾಧ್ಯಾಯರಿಗೆ ಈ ತರ್ಕವು ಅಪರಿಚಿತವಾಗಿ ತೋರದು.

ಅದೇ ಕಾದಂಬರಿಯಲ್ಲಿ ಆ ಶವವು ತರುವ ಇನ್ನೊಂದು ಆಪತ್ತಿದೆ. ಬಂಗಲೆಯ ಯಜಮಾನ ಕರ್ನಲ್ ಬ್ಯಾಂಟ್ರಿ ಸಜ್ಜನ. ಸತ್ತ ಹುಡುಗಿಯ ಮುಖವನ್ನೇ ಕಂಡವನಲ್ಲ. ಆದರೂ ದಿನ ಕಳೆದಂತೆ ಅವನಿಗೆ ಊಟದ ಆಹ್ವಾನಗಳು ನಿಲ್ಲುತ್ತವೆ, ಸಮಿತಿಗಳಿಂದ ನಯವಾಗಿ ದೂರವಿಡುತ್ತಾರೆ. ಯಾರೂ ಆರೋಪ ಮಾಡುವುದಿಲ್ಲ; ಆರೋಪ ಮಾಡಿದ್ದರೆ ಉತ್ತರಿಸಬಹುದಿತ್ತು. ಕೊಲೆಗಾರ ಸಿಕ್ಕದೆ ಹೋದರೆ ಗಂಡನು ಈ ಮೌನದಿಂದಲೇ ಸೊರಗಿ ಸಾಯುವನೆಂದು ಅವನ ಹೆಂಡತಿಯ ಭಯ. ಗೆಳತಿಯಾದ ಮಾರ್ಪಲ್‌ಳನ್ನು ಅವಳು ಬಿಡದೆ ಹಿಡಿದುಕೊಳ್ಳುವುದು ಅದಕ್ಕಾಗಿ. ‘ದಿ ಫೋರ್ ಸಸ್ಪೆಕ್ಟ್ಸ್’ ಎಂಬ ಸಣ್ಣಕಥೆಯಲ್ಲಿ ಸರ್ ಹೆನ್ರಿ ಇದನ್ನೇ ಸ್ಪಷ್ಟವಾಗಿ ಹೇಳುತ್ತಾರೆ. ಒಂದು ಮನೆಯಲ್ಲಿ ನಾಲ್ವರಿದ್ದರು; ಕೊಂದವರು ಒಬ್ಬರು. ಆ ಒಬ್ಬರು ತಪ್ಪಿಸಿಕೊಂಡರೆಂಬುದಕ್ಕಿಂತ ಮಿಕ್ಕ ಮೂವರು ಜೀವಾವಧಿ ಸಂಶಯದ ನೆರಳಲ್ಲಿ ಬಾಳಬೇಕಾಯಿತೆಂಬುದೇ ಅವರ ಚಿಂತೆ. ಕೊಲೆಗೆ ಮರಣದಂಡನೆಯನ್ನು ಬ್ರಿಟನ್ನಿನಲ್ಲಿ ಕೈಬಿಟ್ಟದ್ದು 1965ರಲ್ಲಿ. ಅದಕ್ಕೆ ಮೊದಲು ಬರೆದ ಈ ಕಥೆಗಳಲ್ಲಿ ತಪ್ಪು ಅನುಮಾನದ ತುದಿಯಲ್ಲಿ ನೇಣುಹಗ್ಗವಿತ್ತೆಂಬುದನ್ನು ಇಂದಿನ ವಾಚಕರು ಮರೆಯುವುದುಂಟು. ಗ್ರಾಮದ ಗೃಹಸ್ಥರ ನಡುವೆ ವಿಷಪ್ರಯೋಗವೆಂಬುದು ಬರಿಯ ಕಲ್ಪನೆಯೂ ಆಗಿರಲಿಲ್ಲ. ವೇಲ್ಸಿನ ಗಡಿಯ ಹೇ ಎಂಬ ಸಣ್ಣ ಊರಿನ ವಕೀಲ ಹರ್ಬರ್ಟ್ ಆರ್ಮ್‌ಸ್ಟ್ರಾಂಗನು ಹೆಂಡತಿಗೆ ಪಾಷಾಣವಿಟ್ಟ ಅಪರಾಧಕ್ಕಾಗಿ 1922ರ ಮೇ 31ರಂದು ಗಲ್ಲಿಗೇರಿದನು. ಅಲ್ಲಿಯೂ ಹೂಳಿದ ಶವವನ್ನು ಹೊರತೆಗೆದೇ ಸತ್ಯವನ್ನು ಕಂಡುಕೊಳ್ಳಬೇಕಾಯಿತು.

ಹೊಗೆಯ ಗಾದೆಯನ್ನು ಕ್ರಿಸ್ಟಿಯವರು ನೇರವಾಗಿ ಎತ್ತಿಕೊಂಡದ್ದು ‘ದಿ ಮೂವಿಂಗ್ ಫಿಂಗರ್’ ಕಾದಂಬರಿಯಲ್ಲಿ. ಅಮೆರಿಕದಲ್ಲಿ 1942ರಲ್ಲಿಯೂ ಇಂಗ್ಲೆಂಡಿನಲ್ಲಿ 1943ರಲ್ಲಿಯೂ ಇದು ಪ್ರಕಟವಾಯಿತು. ಲಿಮ್‌ಸ್ಟಾಕ್ ಎಂಬ ಪುಟ್ಟ ಊರಿನಲ್ಲಿ ಮನೆಮನೆಗೂ ಸಹಿಯಿಲ್ಲದ ಹೊಲಸು ಪತ್ರಗಳು ಬರತೊಡಗುತ್ತವೆ. ಹಳೆಯ ಪುಸ್ತಕವೊಂದರ ಅಚ್ಚಿನ ಅಕ್ಷರಗಳನ್ನು ಕತ್ತರಿಸಿ ಅಂಟಿಸಿದ ಪತ್ರಗಳವು. ಬರೆದದ್ದು ಅಪ್ಪಟ ಸುಳ್ಳೆಂದು ತಿಳಿದವರೂ, ಬೆಂಕಿಯಿಲ್ಲದೆ ಹೊಗೆಯಾಡದು ಎಂದು ತಲೆದೂಗುತ್ತಾರೆ. ಒಬ್ಬ ಗೃಹಿಣಿ ಸಾಯುತ್ತಾಳೆ. ಮನೆಗೆಲಸದ ಹುಡುಗಿಯೊಬ್ಬಳೂ ಹತಳಾಗುತ್ತಾಳೆ. ಬರೆದವಳು ಮನಸ್ಸು ಕೆಟ್ಟ ನಡುವಯಸ್ಸಿನ ಹೆಂಗಸೆಂದು ಪೊಲೀಸರ ಸಿದ್ಧಾಂತ. ಆಗ ಪಾದ್ರಿಯ ಪತ್ನಿಯು, ಇದಕ್ಕೆ ಪತ್ರಗಳ ಪರಿಣತರಲ್ಲ, ಮನುಷ್ಯರ ಕೆಡುಕನ್ನು ಬಲ್ಲ ಪರಿಣತರು ಬೇಕೆಂದು ಮಾರ್ಪಲ್‌ಳನ್ನು ಕರೆಸುತ್ತಾಳೆ. ಆಕೆ ಕಾದಂಬರಿಯ ಮುಕ್ಕಾಲು ಭಾಗ ಮುಗಿಯುತ್ತ ಬಂದಾಗ ಪ್ರವೇಶಿಸಿ ಹೇಳುವುದು ಒಂದೇ ಮಾತು: ಎಲ್ಲರೂ ಹೊಗೆಯನ್ನೇ ನೋಡುತ್ತಿದ್ದಾರೆ. ರಣರಂಗದಲ್ಲಿ ಸೈನ್ಯದ ಚಲನೆಯನ್ನು ಮರೆಮಾಡಲು ಹೊಗೆಯ ಪರದೆ ಹಬ್ಬಿಸುವಂತೆ ಈ ಹೊಗೆಯೂ ಕೃತಕ. ಬೆಂಕಿ ಇತ್ತು, ಆದರೆ ಹೊಗೆಯ ಬುಡದಲ್ಲಿರಲಿಲ್ಲ. ಅದು ಯಾರ ಮನೆಯಲ್ಲಿತ್ತೆಂಬುದನ್ನು ಇಲ್ಲಿ ಹೇಳಿಬಿಟ್ಟರೆ ಓದಬೇಕೆಂದಿರುವವರಿಗೆ ಅನ್ಯಾಯವಾಗುತ್ತದೆ. ಮಂಜನ್ನು ಹೊಗೆಯೆಂದು ಭ್ರಮಿಸುವ ಹೇತ್ವಾಭಾಸವನ್ನು ನಮ್ಮ ಶಾಸ್ತ್ರವು ವಿವರಿಸಿದೆ. ಒಬ್ಬನು ಬೇಕೆಂದೇ ಹೊಗೆಯನ್ನು ತಯಾರಿಸಿ ಬೆಟ್ಟದ ಮೇಲಿರಿಸುವ ಈ ಕುಟಿಲತೆಗೆ ಹೊಸ ಉದಾಹರಣೆಯನ್ನು ಇಲ್ಲಿಂದ ಎರವಲು ಪಡೆಯಬಹುದು.

ದೋಷಗಳಿಲ್ಲವೇ? ಇವೆ. ಈ ಹಳ್ಳಿಯಲ್ಲಿ ಹೊಲ ಉಳುವವನು ಕಾಣುವುದಿಲ್ಲ. ಕೆಲಸದ ಹುಡುಗಿಯರೆಲ್ಲ ಒಂದೇ ಎರಕದಲ್ಲಿ ಹೊಯ್ದಂತಿದ್ದಾರೆ. ಇಷ್ಟು ಚಿಕ್ಕ ಪ್ರದೇಶದಲ್ಲಿ ಇಷ್ಟು ಕೊಲೆಗಳಾದರೆ ಜನಸಂಖ್ಯೆ ಉಳಿಯುವುದೆಂತು ಎಂದು ನಗುವವರ ನಗೆ ಅಕಾರಣವಲ್ಲ. ದೃಷ್ಟಾಂತದ ವಿಧಾನವೂ ನಿರಪಾಯವಾದುದಲ್ಲ. ಇವನು ಅವನಂತಿದ್ದಾನೆ, ಆದುದರಿಂದ ಅವನು ಮಾಡಿದ್ದನ್ನೇ ಇವನೂ ಮಾಡಿರುತ್ತಾನೆ ಎಂಬ ಮಾತು ಅವಿವೇಕಿಯ ಬಾಯಲ್ಲಿ ಮತ್ತೊಂದು ಗಾಳಿಮಾತೇ ಸರಿ. ಮಾರ್ಪಲ್‌ಳನ್ನು ಅದರಿಂದ ಕಾಪಾಡುವುದು ಒಂದು ಗುಣ: ಸಾದೃಶ್ಯವು ಆಕೆಗೆ ಪ್ರಶ್ನೆಯನ್ನು ಹುಟ್ಟಿಸುತ್ತದೆಯೇ ಹೊರತು ತೀರ್ಪನ್ನಲ್ಲ. ಸಕ್ಕರೆಕಾಳು, ಕಣ್ಣಿನ ಮದ್ದು, ಸತ್ತ ಹುಡುಗಿಯ ಕಚ್ಚಿದ ಉಗುರು, ಹೀಗೆ ಕೈಗೆ ಸಿಕ್ಕುವ ಲಿಂಗವೊಂದು ದೊರೆಯುವವರೆಗೆ ಆಕೆ ತುಟಿ ಬಿಚ್ಚುವುದು ಕಡಮೆ. 1930ರ ಮೊದಲ ಕಾದಂಬರಿ ‘ದಿ ಮರ್ಡರ್ ಅಟ್ ದಿ ವಿಕರೇಜ್’ನಲ್ಲಿ ಸಂಶಯಕ್ಕೆ ಅರ್ಹರಾದವರು ಏಳು ಮಂದಿಯೆಂದು ಎಣಿಸಿಯೂ ಹೆಸರು ಹೇಳದೆ ಕಾಯುವಷ್ಟು ಸಂಯಮ ಆಕೆಗಿದೆ. ಪಾದ್ರಿಯು ಹೊತ್ತು ತಪ್ಪದಿರಲೆಂದು ಕಾಲು ಗಂಟೆ ಮುಂದಿಟ್ಟಿದ್ದ ಗಡಿಯಾರದ ಗುಟ್ಟು ಮನೆಯವರಿಗೆ ಗೊತ್ತು, ಇನ್ಸ್‌ಪೆಕ್ಟರನಿಗೆ ಗೊತ್ತಿಲ್ಲ; ಅವನು ಹೇಳಲು ಬಂದವರನ್ನು ತಡೆದು ತಾನೇ ಮಾತನಾಡುವವನು.

ಕಾಲ ಬದಲಾದಂತೆ ಗ್ರಾಮವೂ ಬದಲಾಯಿತು. ಕ್ರಿಸ್ಟಿಯವರು ಅದನ್ನು ಮರೆಮಾಚಲಿಲ್ಲ. 1950ರ ‘ಎ ಮರ್ಡರ್ ಈಸ್ ಅನೌನ್ಸ್‌ಡ್’ನಲ್ಲಿ ಯುದ್ಧಾನಂತರದ ಇಂಗ್ಲೆಂಡಿದೆ. ಆಹಾರಕ್ಕೆ ರೇಷನ್ ಪುಸ್ತಕ, ಗುರುತಿಗೆ ಚೀಟಿ. ಬೆಣ್ಣೆ ಮೊಟ್ಟೆಗಳನ್ನು ನೆರೆಯವರು ಕದ್ದುಮುಚ್ಚಿ ವಿನಿಮಯ ಮಾಡಿಕೊಳ್ಳುತ್ತಾರೆ. ಮಾರ್ಪಲ್‌ಳ ಕೊರಗು ಬೇರೆ: ಹಿಂದೆ ಊರಿಗೆ ಬಂದವರು ಇಂಥವರ ಮಗ, ಇಂಥವರ ಸೊಸೆ ಎಂದು ಪರಿಚಯಪತ್ರದೊಡನೆ ಬರುತ್ತಿದ್ದರು, ಈಗ ಬಂದು ನೆಲಸುವವರ ವಿಷಯದಲ್ಲಿ ಅವರು ತಾವೇ ಹೇಳಿಕೊಂಡದ್ದಲ್ಲದೆ ಬೇರೆ ಆಧಾರವಿಲ್ಲ. ಆ ಕಾದಂಬರಿಯ ರಹಸ್ಯವೆಲ್ಲ ಈ ಒಂದು ವಾಕ್ಯದಲ್ಲಿ ಅಡಗಿದೆ. 1962ರ ‘ದಿ ಮಿರರ್ ಕ್ರ್ಯಾಕ್ಡ್’ನಲ್ಲಿ ಸೇಂಟ್ ಮೇರಿ ಮೀಡ್‌ಗೇ ಹೊಸ ಬಡಾವಣೆ ಬಂದಿದೆ, ಸಾಮಾನುಗಳನ್ನು ತಾವೇ ಎತ್ತಿಕೊಳ್ಳುವ ದೊಡ್ಡ ಅಂಗಡಿ ಬಂದಿದೆ. ಮುದುಕಿಯು ಕೋಲೂರಿಕೊಂಡು ಅಲ್ಲಿಗೂ ಹೋಗಿ, ಕಾಲು ಜಾರಿ ಬಿದ್ದು, ಎತ್ತಿ ಉಪಚರಿಸಿದ ಗೃಹಿಣಿಯ ಮನೆಯಲ್ಲಿ ಚಹಾ ಕುಡಿಯುತ್ತ ಯೋಚಿಸುತ್ತಾಳೆ: ಹೊಸ ಮನೆಗಳು, ಹೊಸ ಉಡುಪು, ಆದರೆ ಮುಖಗಳು ಹಳೆಯವೇ. ಆ ಗೃಹಿಣಿ ತುಂಬ ದಯಾಳು. ತನ್ನ ದಯೆ ಇನ್ನೊಬ್ಬರಿಗೆ ಏನು ಮಾಡೀತೆಂದು ಒಮ್ಮೆಯೂ ಯೋಚಿಸದವಳು. ಅಂಥ ಸ್ವಭಾವದವಳೊಬ್ಬಳನ್ನು ಮಾರ್ಪಲ್ ಹಿಂದೆ ಕಂಡಿದ್ದಳು; ಈಕೆಯ ಗತಿಯೇನಾದೀತೋ ಎಂದು ಅಂದೇ ಅಂಜುತ್ತಾಳೆ. ಕೆಲವು ದಿನಗಳಲ್ಲಿ ಆ ಗೃಹಿಣಿ ವಿಷಕ್ಕೆ ಬಲಿಯಾಗುತ್ತಾಳೆ.

ಚಲಚ್ಚಿತ್ರ, ದೂರದರ್ಶನಗಳಲ್ಲಿ ಅನೇಕರು ಮಾರ್ಪಲ್ ಆಗಿ ಅಭಿನಯಿಸಿದ್ದಾರೆ. 1984ರಿಂದ 1992ರವರೆಗೆ ಬಿಬಿಸಿಯವರು ನಿರ್ಮಿಸಿದ ಮಾಲಿಕೆಯಲ್ಲಿ ಜೋನ್ ಹಿಕ್ಸನ್ ಅವರ ಅಭಿನಯವು ಮೂಲಕ್ಕೆ ಅತ್ಯಂತ ಸಮೀಪವಾದುದೆಂಬುದು ಬಹುಜನರ ಅಭಿಪ್ರಾಯ. ಹ್ಯಾಂಪ್‌ಷೈರ್ ಪ್ರಾಂತದ ನೆದರ್ ವಾಲಪ್ ಎಂಬ ನಿಜವಾದ ಗ್ರಾಮವು ಅದರಲ್ಲಿ ಸೇಂಟ್ ಮೇರಿ ಮೀಡ್ ಆಗಿ ಕಾಣಿಸಿಕೊಂಡಿತು.

ಈ ಮುದುಕಿಯನ್ನು ಬುದ್ಧಿಚತುರೆಯೆಂದಷ್ಟೇ ತಿಳಿದವರು 1953ರ ‘ಎ ಪಾಕೆಟ್ ಫುಲ್ ಆಫ್ ರೈ’ಯನ್ನು ಓದಬೇ​ಕು. ಗ್ಲ್ಯಾಡಿಸ್ ಎಂಬ ಅನಾಥೆಯೊಬ್ಬಳು ಅನಾಥಾಲಯದಿಂದ ಬಂದು ಮಾರ್ಪಲ್‌ಳ ಮನೆಯಲ್ಲಿ ಕೆಲಸ ಕಲಿತವಳು. ಬಡಿಸುವುದು, ಬೆಳ್ಳಿಯ ಪಾತ್ರೆಗಳನ್ನು ಬೆಳಗುವುದು ಎಲ್ಲವನ್ನೂ ಆಕೆಯೇ ಕಲಿಸಿದ್ದಳು. ರೂಪವಿಲ್ಲ, ಚುರುಕುಬುದ್ಧಿಯಿಲ್ಲ, ಯಾರಾದರೂ ಒಂದು ಸವಿಮಾತಾಡಿದರೆ ಸರ್ವಸ್ವವನ್ನೂ ನಂಬಿಬಿಡುವ ಹುಡುಗಿ. ಶ್ರೀಮಂತರ ಮನೆಯೊಂದರ ಕೊಲೆಗಳ ನಡುವೆ ಅವಳೂ ಕೊಲೆಯಾದಳು. ಕೊಂದವನು ಬಟ್ಟೆ ಒಣಹಾಕುವ ಹಗ್ಗದ ಬಳಿ ಬಿದ್ದಿದ್ದ ಅವಳ ಮೂಗಿಗೆ ಬಟ್ಟೆಯ ಕ್ಲಿಪ್ಪೊಂದನ್ನು ಸಿಕ್ಕಿಸಿಹೋಗಿದ್ದನು. ಪತ್ರಿಕೆಗಳಿಗೆ ಯಜಮಾನನ ಸಾವು ಮುಖ್ಯ ವಾರ್ತೆ. ಹುಡುಗಿಯದು ಕಡೆಯ ಸಾಲು. ಮಾರ್ಪಲ್ ಆ ಕಡೆಯ ಸಾಲನ್ನು ಓದಿ, ರೈಲು ಹತ್ತಿ, ಯಾರೂ ಕರೆಯದಿದ್ದರೂ ಆ ಮನೆಯ ಬಾಗಿಲಿಗೆ ಬಂದು ನಿಂತಳು. ಕೊಲೆಗಿಂತಲೂ ಆ ಕ್ಲಿಪ್ಪು, ಸತ್ತವಳಿಗೆ ಮಾಡಿದ ಆ ಅವಹೇಳನ, ಆಕೆಯನ್ನು ಉರಿಸಿತ್ತು. ಅಪರಾಧಿ ಯಾರೆಂಬುದನ್ನು ಆಕೆ ಕಂಡುಹಿಡಿದಳು; ಇನ್ಸ್‌ಪೆಕ್ಟರನಿಗೆ ಹೇಳಿಯೂ ಹೇಳಿದಳು; ಆದರೆ ಕೈಗೆ ಸಿಕ್ಕುವ ಪ್ರಮಾಣವಿರಲಿಲ್ಲ. ಮನೆಗೆ ಹಿಂತಿರುಗಿದಾಗ ತನ್ನ ಹೆಸರಿಗೆ ಬಂದು ಬಿದ್ದಿದ್ದ ಪತ್ರಗಳಲ್ಲಿ ಗ್ಲ್ಯಾಡಿಸಳ ಒಡ್ಡೊಡ್ಡು ಅಕ್ಷರದ ಕಾಗದವೊಂದಿತ್ತು. ಏನು ಮಾಡಬೇಕೆಂದು ತೋಚದೆ, ಲೋಕದಲ್ಲಿ ಕೇಳಬಹುದಾದವರು ಮತ್ತಾರೂ ಇಲ್ಲದೆ, ಅವಳು ತನ್ನ ಹಳೆಯ ಯಜಮಾನಿಗೆ ಬರೆದಿದ್ದಳು. ಜೊತೆಗೆ ಒಂದು ಭಾವಚಿತ್ರ: ತನ್ನನ್ನು ಮದುವೆಯಾಗುವೆನೆಂದ ತರುಣನ ಪಕ್ಕದಲ್ಲಿ ನಿಂತು, ಅವನ ಮುಖವನ್ನೇ ನೋಡುತ್ತ ಬಾಯ್ತೆರೆದು ನಗುತ್ತಿರುವ ಗ್ಲ್ಯಾಡಿಸ್. ಆ ಮುಖವನ್ನು ಮಾರ್ಪಲ್ ಗುರುತಿಸಿದಳು. ಮುದುಕಿಯ ಕಣ್ಣು ಮೊದಲು ಮರುಕದಿಂದ ತುಂಬಿತು. ಆಮೇಲೆ ಕೋಪ ಬಂದಿತು.